ಕಣ್ಣಾರೆ ಕಂಡದ್ದು

ಓವನ್ ಕೆಟ್ಟಿರದಿರಲಿ ದೇವರೇ, ಅಂತ ಬೆಳಗ್ಗೆಯಿಂದ ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಯಾರಾದರೂ ಕೇಳಿಸಿಕೊಂಡಿದ್ದರೆ ಅದರಲ್ಲಿ ತಪ್ಪೇನು ಬಂತು ಅನ್ನುತ್ತಿದ್ದರು. ಮನೆಯ ಸಾಮಾನು ಚೆನ್ನಾಗಿರಲಿ ಅಂತ ಯಾರು ತಾನೇ ಬಯಸುವುದಿಲ್ಲ? ಆದರೆ ಇದು ಅಂಥ ಬೇಡಿಕೆಯಲ್ಲ ಅಂತ ಅವಳಿಗೆ ಗೊತ್ತಿತ್ತು. ಓವನ್ ಸರಿಯಿದ್ದರೆ ಅತ್ತೆಯ ತಲೆ ಸರಿಯಿಲ್ಲ. ಓವನ್ ಕೆಟ್ಟಿದ್ದರೆ ಅತ್ತೆಯ ತಲೆ ಸರಿಯಿದೆ. ಎರಡರಲ್ಲಿ ಒಂದೇ ನಿಜವಾಗಲು ಸಾಧ್ಯ. ಸಂಜೆ ಭಾವನ ಕಾರು ಬಂದು ನಿಲ್ಲುವ ಮೊದಲು ಅದು ಯಾವುದು ಅಂತ ತೀರ್ಮಾನವಾಗಬೇಕಿತ್ತು. ಅತ್ತೆಯ ಬಟ್ಟೆಬರೆ ಆಗಲೇ ಅರ್ಧ ಬ್ಯಾಗಿಗೆ ಸೇರಿತ್ತು. ಅತ್ತೆಯ ಹಿರಿಮಗ ಈ ಭಾವ. ಅವನ ಮನೆ ಬೇರೆ ಊರಿನಲ್ಲಿ, ಆಕಾಶಕ್ಕೆ ಏಣಿ ಹಾಕಿದ ಹಾಗಿರುವ ಕಟ್ಟಡದಲ್ಲಿ. ಅಲ್ಲಿ ಅತ್ತೆಗೆ ಒಂದು ಕೋಣೆ, ಒಂದು ಟೀವಿ, ಹಗಲಲ್ಲಿ ನೋಡಿಕೊಳ್ಳಲು ಒಬ್ಬ ಹೆಂಗಸು, ಎಲ್ಲ ತಯಾರಾಗಿತ್ತು. ಅಡುಗೆಮನೆಗೆ ಮಾತ್ರ ಹೋಗಬಾರದು ಅಂತ ಭಾವ ಫೋನಿನಲ್ಲೇ ನಯವಾಗಿ ಹೇಳಿದ್ದ. ಅತ್ತೆಗೆ ಹೋಗಲು ಇಷ್ಟವಿರಲಿಲ್ಲ. ಹೋಗಲ್ಲ ಅಂತ ಅವರು ಒಂದು ಸಲವೂ ಬಾಯಿಬಿಟ್ಟು ಅಂದಿರಲಿಲ್ಲ. ಆದರೆ ದಿನವೂ ನೀರು ಹಾಕುವ ಕಿಟಕಿಯ ಗಿಡಗಳಿಗೆ ನಿನ್ನೆಯಿಂದ ನೀರು ಹಾಕುವುದು ಬಿಟ್ಟಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಇನ್ನು ಹೇಗಿದ್ರೂ ನೀನೇ ಹಾಕ್ಬೇಕಲ್ಲ, ಅಭ್ಯಾಸ ಆಗ್ಲಿ" ಅಂದಿದ್ದರು.

ರಿಪೇರಿಯವನನ್ನು ಕರೆಸುವ ಯೋಚನೆ ಗಂಡನದು. "ಅಮ್ಮನ್ನ ಕಳಿಸೋ ಮುಂಚೆ ಒಂದ್ಸಲ ಆ ಓವನ್ ತೋರಿಸಿಬಿಡೋಣ. ಆಮೇಲೆ ಜೀವಮಾನವಿಡೀ ಕೊರೀತಾ ಇರೋದು ಬೇಡ" ಅಂದು, ತಾನೇ ಫೋನ್ ಮಾಡಿ ಗೊತ್ತುಮಾಡಿ, ಕೆಲಸಕ್ಕೆ ಹೋಗಿಬಿಟ್ಟಿದ್ದ. ಕೊರೆಯುವುದು ಯಾರಿಗೆ ಅಂತ ಅವನು ಹೇಳಲಿಲ್ಲ. ಈಗ ಅವಳ ಅಡುಗೆಮನೆಯಲ್ಲಿ, ಗೋಡೆಯ ಗೂಡಿನಿಂದ ಓವನ್ನನ್ನು ಹೊರಗೆಳೆದು ಮೇಜಿನ ಮೇಲಿಟ್ಟು, ಅದರ ಬೆನ್ನಿನ ತಗಡು ಬಿಚ್ಚಿ, ರಿಪೇರಿಯವನು ತಲೆಯನ್ನೇ ಒಳಗೆ ತೂರಿಸಿದ್ದ. ವಿಪರೀತ ಮಾತಿನ ಮನುಷ್ಯ. ಬಾಯಲ್ಲಿ ಟಾರ್ಚು ಕಚ್ಚಿಕೊಂಡೂ ಮಾತಾಡುತ್ತಿದ್ದ. "ಮುಂದೆ ಕನ್ನಡಿ ಇಟ್ಟಂಗೆ ಇಟ್ಟಿದೀರ ಅಕ್ಕಾ," ಅಂದ, "ಹಿಂದೆ ನೋಡಿ, ಜಿರಳೆ ಸಂಸಾರ ಮಾಡ್ಕೊಂಡು, ಮಕ್ಕಳು ಮರಿ ಸಾಕಿ, ಮನೆ ಖಾಲಿ ಮಾಡ್ಕೊಂಡು ಹೋಗಿದೆ." ಗೂಡಿನ ತಳದಲ್ಲಿ ಬ್ರೆಡ್ಡಿನ ಪುಡಿ, ಒಂದು ಹೇರ್‌ಪಿನ್ನು, ಯಾವ ಕಾಲದ್ದೋ ಬೆಂಕಿಕಡ್ಡಿ. ಅವಳಿಗೆ ಕಿವಿ ಬಿಸಿಯಾಯಿತು. ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅಂತ ಅತ್ತೆಯ ಮನಸ್ಸಿನಲ್ಲಿ ಬಂದಿರಬೇಕು ಅಂತ ಅನ್ನಿಸಿತು. ಅವರ ಮುಖ ನೋಡಿದರೆ ಅಲ್ಲಿ ಅಂಥದ್ದೇನೂ ಇರಲಿಲ್ಲ. ಅದೇ ತಾನೇ ಇಷ್ಟು ವರ್ಷದ ತಾಪತ್ರಯ! ಒಂದು ದಿನ ಬೈದಿದ್ದರೆ, ಒಂದು ದಿನ ಮುಖ ಸಿಂಡರಿಸಿದ್ದರೆ, ಇವಳೂ ಎರಡು ಮಾತು ಆಡಿ ಹಗುರಾಗಬಹುದಿತ್ತು. ಅತ್ತೆ ಬೈಯುವವರಲ್ಲ. ಅವಳು ಒರೆಸಿದ ಕಟ್ಟೆಯನ್ನು ಅವರು ಸದ್ದಿಲ್ಲದೆ ಇನ್ನೊಂದು ಸಲ ಒರೆಸುತ್ತಿದ್ದರು, ಅಷ್ಟೇ. ಅವಳು ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ನಲ್ಲಿಯ ಕೆಳಗೆ ಹಿಡಿದು, ಮತ್ತೆ ಬೋರಲು ಹಾಕುತ್ತಿದ್ದರು. ಮನೆಗೆ ಬಂದವರೆಲ್ಲ ಅತ್ತೆ ಓವನ್ನಿನಲ್ಲಿ ಬೇಯಿಸಿದ ಬ್ರೆಡ್ಡು ತಿಂದು ಹೊಗಳುವಾಗ, ತಟ್ಟೆ ಎತ್ತಿಕೊಂಡು ಒಳಗೆ ಹೋಗುವುದು ಇವಳ ಪಾಲಿಗೆ ಬರುತ್ತಿತ್ತು.

ಅತ್ತೆ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಓವನ್ ಹೊತ್ತಿಕೊಂಡು ಅಡುಗೆಮನೆ ತುಂಬ ಹೊಗೆಯಾದ ಆ ದಿನದಿಂದ ಅವರಿಗೆ ಒಂದು ಹೊಸ ಅಭ್ಯಾಸ ಬಂದಿತ್ತು. ಅಡುಗೆಮನೆಯ ಹತ್ತಿರ ಬಂದರೆ ಎರಡೂ ಕೈಗಳನ್ನು ಸ್ವೆಟರಿನ ಜೇಬಿನೊಳಗೆ ಹಾಕಿಕೊಳ್ಳುತ್ತಿದ್ದರು, ತಮ್ಮ ಕೈಗಳ ಮೇಲೆ ತಮಗೇ ನಂಬಿಕೆ ಇಲ್ಲದವರ ಹಾಗೆ. ನೀರು ಬೇಕಾದರೂ ಹೊರಗೆ ನಿಂತೇ ಕೇಳುತ್ತಿದ್ದರು. ಬಚ್ಚಲಿನಿಂದ ಬಂದವರು ಮತ್ತೆ ತಿರುಗಿ ಹೋಗಿ ನಲ್ಲಿ ಮುಟ್ಟಿ ನೋಡುತ್ತಿದ್ದರು. "ನಾನು ದೀಪ ಆರಿಸಿದ್ನಾ?" ಅಂತ ಕೇಳುತ್ತಿದ್ದರು. ಮೊದಮೊದಲು ಅವಳು ಪ್ರೀತಿಯಿಂದಲೇ ಉತ್ತರ ಕೊಟ್ಟಿದ್ದಳು. ಆಮೇಲಾಮೇಲೆ, ಅತ್ತೆ ಎಲ್ಲಿಂದ ಎದ್ದರೂ, ಕೇಳುವ ಮೊದಲೇ, "ಆರಿಸೋದು ಮರೀಬೇಡಿ ಅತ್ತೆ" ಅಂತ ಅವಳ ಬಾಯಿಂದ ತಾನಾಗಿ ಬಂದುಬಿಡುತ್ತಿತ್ತು. ಹಾಗನ್ನುವಾಗ ದನಿಯಲ್ಲಿ ಒಂದು ಸಣ್ಣ ಸುಖ ಇರುತ್ತಿತ್ತು. ಅದು ಅವಳಿಗೇ ಕೇಳಿಸುತ್ತಿತ್ತು, ಕೇಳಿಸಿದಾಗ ನಾಚಿಕೆಯಾಗುತ್ತಿತ್ತು, ಆದರೂ ಮಾರನೆಯ ದಿನ ಮತ್ತೆ ಅನ್ನುತ್ತಿದ್ದಳು.

"ಹೀಟ್ ನೋಡೋ ಸೆನ್ಸರ್ ಇದು," ರಿಪೇರಿಯವನು ಪೆನ್ಸಿಲ್ ತುಂಡಿನಂಥದ್ದೊಂದನ್ನು ತೋರಿಸಿ, ಮೀಟರಿನ ಎರಡು ಮುಳ್ಳುಗಳನ್ನು ಅದರ ತಂತಿಗಳಿಗೆ ಚುಚ್ಚಿದ. "ಇದು ಕೆಟ್ರೆ ಒಳಗೆ ಕೆಂಡ ಆಗಿದ್ರೂ ತಣ್ಣಗಿದೆ ಅಂತ ಸುಳ್ಳು ವರದಿ ಕೊಡತ್ತೆ. ಇದು ಕೊಡ್ತಿಲ್ಲ. ಪಾಪ, ಸತ್ಯವಂತ." ಬೆರಳುಗಳ ನಡುವೆ ಹಿಡಿದು ಬಿಸಿ ಮಾಡಿ, ಮೀಟರಿನಲ್ಲಿ ಅಂಕಿ ಮೇಲೇರುವುದನ್ನು ಅವಳಿಗೂ ತೋರಿಸಿದ. ಅವಳು ಕೇಳಿದಳು, ಇನ್ನೇನು ಕೆಟ್ಟಿರಬಹುದು ಅಂತ. ಕೇಳಬೇಕಾದ್ದು ಧರ್ಮ ಅಂತ ಕೇಳಿದಳೇ ಹೊರತು ಉತ್ತರ ಬೇಕಿರಲಿಲ್ಲ. "ರಿಲೇ ಅಂತ ಇರತ್ತೆ, ಕಾಯಿಲ್‌ಗೆ ಕರೆಂಟ್ ಬಿಡೋ ಸ್ವಿಚ್ಚು. ಅದು ಅಂಟ್ಕೊಂಡ್ರೆ ಆಫ್ ಮಾಡಿದ್ರೂ ಉರೀತಾನೇ ಇರತ್ತೆ. ಕಿವಿಗೊಟ್ಟು ಕೇಳಿ." ಓವನ್ನಿಗೆ ಕರೆಂಟು ಕೊಟ್ಟು ಮುಂದಿನ ಗಾಜಿನ ಮೇಲೆ ಬೆರಳಿಟ್ಟ. ಟಕ್. ತೆಗೆದ. ಟಕ್. "ಗಡಿಯಾರ ಇದ್ದಂಗಿದೆ. ಬೋರ್ಡೂ ಬಂಗಾರ, ಎಲ್ಲೂ ಸುಟ್ಟ ಕಲೆ ಇಲ್ಲ." ಅವಳ ಎದೆಯಲ್ಲಿ ಕಟ್ಟಿಕೊಂಡಿದ್ದ ಏನೋ ಒಂದೊಂದು ಟಕ್ಕಿಗೂ ಸ್ವಲ್ಪ ಸ್ವಲ್ಪ ಬಿಡುತ್ತಾ ಬಂತು. "ಇನ್ನೊಂದಿದೆ, ಈ ಟಚ್ ಗಾಜು. ಇದರ ಹಿಂದೆ ತೇವ ಹೋದ್ರೆ ಅದಕ್ಕೆ ಯಾರೋ ಮುಟ್ಟಿದಂಗಾಗತ್ತೆ, ತಂತಾನೇ ಶುರುವಾಗಿಬಿಡತ್ತೆ. ದೆವ್ವ ಹಿಡ್ದಿದೆ ಅಂತ ಒಬ್ರು ನನಗೆ ಫೋನ್ ಮಾಡಿದ್ರು ಅಕ್ಕಾ, ಸತ್ಯವಾಗ್ಲೂ!" ತಾನೇ ನಕ್ಕು, ಗಾಜಿನ ಅಂಚಿಗೆ ಉಗುರು ಹಾಕಿ ಎಬ್ಬಿಸಿ, ಟಾರ್ಚು ಬಿಟ್ಟು ನೋಡಿದ. ಅವಳೂ ಬಗ್ಗಿದಳು. "ನಿಮ್ಮದು ಒಣಗಿ ಬಿಸ್ಕತ್ತಾಗಿದೆ. ಅಡುಗೆಯ ಹಬೆ ಕೂಡ ಹೋಗಿಲ್ಲ."

ಆಮೇಲೆ ಅವನು ಓವನ್ನನ್ನು ಗೂಡಿಗೆ ತಳ್ಳಿ, ಜೋರಾಗಿ ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡಿ, ಕಟ್ಟೆಗೊರಗಿ ನಿಂತು ಚಹಾ ಕುಡಿಯುತ್ತ ಕಾದ. ಅದು ತಾನಾಗಿ ಹೊತ್ತಿಕೊಳ್ಳಲಿಲ್ಲ. ಮೂವರೂ ಅದನ್ನೇ ನೋಡುತ್ತಿದ್ದರು. ಅತ್ತೆಯ ಕಣ್ಣಿನಲ್ಲಿ ಒಂದು ಆಸೆ ಇತ್ತು. ಆ ಕರಿಗಾಜನ್ನು ನೋಡುತ್ತಿದ್ದ ರೀತಿಯಲ್ಲಿ ಅವರು ಯಾರನ್ನೂ ಯಾವತ್ತೂ ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಸಾಕ್ಷಿ ಹೇಳು ಮಾರಾಯಾ ಅಂತ ಅಂಗಲಾಚುವಂಥ ನೋಟ. ರಿಪೇರಿಯವನು ಲೋಟ ಇಟ್ಟು, ಬಾಯಿ ಒರೆಸಿಕೊಂಡು, "ಮಿಷನ್ನಲ್ಲಿ ಏನೂ ಇಲ್ಲ ಅಕ್ಕಾ" ಅಂದ. ಆಮೇಲೆ ದನಿ ತಗ್ಗಿಸಿ, ಆದರೆ ತಗ್ಗಿಸಿದ್ದು ಎಲ್ಲರಿಗೂ ಕೇಳಿಸುವ ಹಾಗೆ, "ಮನೇಲಿ ವಯಸ್ಸಾದೋರು..." ಅಂದು ಬಾಗಿಲ ಕಡೆ ನೋಡಿದ. "ನಾನೇ ಕಣಪ್ಪಾ" ಅಂದರು ಅತ್ತೆ, ಹಾಜರಿ ಹಾಕಿಸಿಕೊಂಡಂತೆ. ಅವನಿಗೆ ಒಂದು ಕ್ಷಣ ಇರಿಸುಮುರಿಸಾಯಿತು. "ಏನಿಲ್ಲ ಅಜ್ಜಿ, ಎಲ್ಲರ ಮನೇಲೂ ಇದ್ದದ್ದೇ. ನಮ್ಮಮ್ಮ ಫ್ರಿಜ್ಜಲ್ಲಿ ಚಪ್ಪಲಿ ಇಟ್ಟಿದ್ಲು. ಇದರಲ್ಲಿ ಮಕ್ಕಳು ಮುಟ್ಟದಂಗೆ ಲಾಕ್ ಮಾಡೋದಿದೆ, ಹಾಕಿ ಕೊಡ್ಲಾ?" ಮಕ್ಕಳು ಅನ್ನುವ ಮಾತು ಅಡುಗೆಮನೆಯ ಮಧ್ಯದಲ್ಲಿ ಹಾಗೇ ನಿಂತಿತು. ಅವಳು ಅವಸರ ಅವಸರವಾಗಿ, "ಬೇಡ ಬೇಡ, ಇವತ್ತು ಸಂಜೆಯಿಂದ ಅದರ ಅಗತ್ಯ ಇರಲ್ಲ" ಅಂದುಬಿಟ್ಟಳು. ಅತ್ತೆಗೆ ನೋವಾಗದಿರಲಿ ಅಂತ ಆಡಲು ಹೋದ ಮಾತು. ಬಾಯಿಂದ ಬಿದ್ದ ಮೇಲೆ ಅದು ಎಂಥದ್ದು ಅಂತ ಗೊತ್ತಾಗಿ ನಾಲಿಗೆ ಕಚ್ಚಿಕೊಂಡಳು. ಅತ್ತೆ ಆಗಲೇ ತಮ್ಮ ಕೋಣೆಯ ಕಡೆ ತಿರುಗಿದ್ದರು.

ಅವನು ಹೋದ ಮೇಲೆ ಗೆದ್ದೆ ಅಂತ ಅನ್ನಿಸಬೇಕಿತ್ತು. ತಾನು ಹೇಳಿದ್ದು ಸುಳ್ಳಲ್ಲ ಅಂತಾಯಿತಲ್ಲ! ಸುಳ್ಳು, ಅಂದರೆ ಪೂರ್ತಿ ಸುಳ್ಳು ಅದು ಹೇಗೂ ಆಗಿರಲಿಲ್ಲ. ಆ ಹೊಗೆಯ ದಿನಕ್ಕೂ ಮೊದಲು ಎರಡು ಸಲ ಅವಳು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದಾಗ ಖಾಲಿ ಓವನ್ ಕಾದಿತ್ತು. ಅತ್ತೆಗೆ ಮರೆವು ಅಂತ ಅವಳು ಅಂದಿದ್ದಳು, ಗಂಡ ಹೂಂ ಅನ್ನದೆ ಪೇಪರು ಓದಿದ್ದ. ಆ ದಿನ ಮಾತ್ರ ಎಚ್ಚರವಾದದ್ದು ನಾತಕ್ಕೆ. ಓಡಿ ಬಂದರೆ ಅಡುಗೆಮನೆ ತುಂಬ ಕಪ್ಪು ಹೊಗೆ, ಆ ಹೊಗೆಯ ನಡುವೆ ಅತ್ತೆ, ಅತ್ತೆಯ ಬೆರಳು ಗಾಜಿನ ಮೇಲೆ. ಅಷ್ಟು ಕಂಡದ್ದು ನಿಜ. ಓವನ್ನಿನ ಒಳಗೆ ಪ್ಲಾಸ್ಟಿಕ್ ಡಬ್ಬಿಗಳು ಕರಗಿ ತಂತಿಯ ತಟ್ಟೆಯಿಂದ ಅಂಟಂಟಾಗಿ ಇಳಿಯುತ್ತಿದ್ದವು. ಕಟ್ಟೆಯ ಮೇಲೆ ಜಾಗವಿಲ್ಲ ಅಂತ ಅವುಗಳನ್ನು ಓವನ್ನಿನೊಳಗೆ ತುರುಕಿದ್ದು ಅವಳೇ. ಅತ್ತೆ ಕೆಮ್ಮುತ್ತಾ, "ಆರಿಸೋಕೆ ಬಂದೆ ಕಣೇ, ಆರ್ತಾನೇ ಇಲ್ಲ" ಅಂದಿದ್ದರು. ಸಂಜೆ ಗಂಡ ಬಂದು, ಮೂಗು ಮುಚ್ಚಿಕೊಂಡು, ಕಿಟಕಿಗಳನ್ನೆಲ್ಲ ತೆಗೆದು ಹೇಳಿದ: "ಅಮ್ಮ ಒಲೆ ಮುಂದೇನೇ ಆಯುಸ್ಸು ಕಳೆದೋಳು. ಒಳಗೆ ಡಬ್ಬಿ ಇಟ್ಕೊಂಡು ಓವನ್ ಹಾಕ್ತಾಳಾ? ನೀನೇ ಏನಾದ್ರೂ..." ಆ 'ನೀನೇ ಏನಾದ್ರೂ' ಅನ್ನುವಲ್ಲಿ ಅವನು ನಿಲ್ಲಿಸಿದ್ದ. ನಿಲ್ಲಿಸದೆ ಬೈದಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಅರ್ಧಕ್ಕೆ ನಿಂತ ಆ ಮಾತಿನಲ್ಲಿ ಇಷ್ಟು ವರ್ಷ ಎರಡೆರಡು ಸಲ ಒರೆಸಿಸಿಕೊಂಡ ಕಟ್ಟೆ, ಎರಡೆರಡು ಸಲ ತೊಳೆಸಿಕೊಂಡ ಲೋಟ, ಎಲ್ಲ ಇತ್ತು. "ನಾನು ಕಣ್ಣಾರೆ ನೋಡಿದೀನಿ!" ಅಂತ ಕಿರುಚಿದ್ದಳು. "ಅವರು ಒತ್ತಿ ಹಾಕಿದ್ದನ್ನ ನಾನೇ ಈ ಕಣ್ಣಲ್ಲಿ ನೋಡಿದೆ." ಬೆರಳು ನೋಡಿದ್ದಳು. ಒತ್ತಿ ಹಾಕಿದ್ದನ್ನು ನೋಡಿರಲಿಲ್ಲ. ಅದೇನು ಮಹಾ ವ್ಯತ್ಯಾಸ, ಹಾಕಿರದೆ ಇನ್ನೇನು, ಓವನ್ ತಾನಾಗಿ ಹೊತ್ತಿಕೊಳ್ಳತ್ತಾ, ಅಂತ ಆಮೇಲೆ ದಿನಾ ತನಗೆ ತಾನೇ ವಾದಿಸಿಕೊಂಡಿದ್ದಳು. ಅತ್ತೆ ಆಗ ಮಗನ ಮುಖ ನೋಡಲಿಲ್ಲ, ಅವಳ ಮುಖ ನೋಡಿದರು. ಬಹಳ ಹೊತ್ತು ನೋಡಿ, "ಅವಳು ನೋಡಿದೀನಿ ಅಂದ್ರೆ ನೋಡಿರ್ತಾಳೆ ಬಿಡೋ. ಅವಳು ಸುಳ್ಳು ಹೇಳೋಳಲ್ಲ" ಅಂದರು. ಕೈ ಜೇಬಿಗೆ ಹೋದದ್ದು ಆಗಲೇ.

ಈಗ ಆ ವಾದವೆಲ್ಲ ಮುಗಿಯಿತು. ಮಿಷನ್ನಲ್ಲಿ ಏನೂ ಇಲ್ಲ. ಅವಳು ಅತ್ತೆಗೆ ಊಟಕ್ಕೆ ಬಡಿಸಿದಳು, ತಾನೂ ಎರಡು ತುತ್ತು ತಿಂದಳು, ಪಾತ್ರೆ ತೊಳೆದಳು. ಕರಿಗಾಜಿನ ತುಂಬ ರಿಪೇರಿಯವನ ಎಣ್ಣೆ ಬೆರಳುಗಳ ಗುರುತು. ಅವನು ಹೇಗಿದ್ದರೂ ಕೊಳೆ ಮಾಡುತ್ತಾನೆ, ಅವನು ಹೋದ ಮೇಲೆ ಒರೆಸಿದರಾಯಿತು ಅಂತ ನಿನ್ನೆಯಿಂದ ಅದನ್ನು ಹಾಗೇ ಬಿಟ್ಟಿದ್ದಳು. ಈಗ ದಿನದ ಹಾಗೆ ಗಾಜು ಒರೆಸುವ ನೀಲಿ ನೀರಿನ ಬಾಟಲಿ ತೆಗೆದು ಗಾಜಿನ ಮೇಲೆ ಫುಸ್ ಫುಸ್ ಅಂತ ಹೊಡೆದಳು. ನೀರು ಗಾಜಿನ ಮೇಲಿಂದ ಇಳಿದು ಕೆಳಗಿನ ಅಂಚಿನಲ್ಲಿ ಸೇರಿ ನಿಲ್ಲುವುದಕ್ಕೂ ಅವಳು ಬಟ್ಟೆ ಹಾಕಿ ಎಳೆಯುವುದಕ್ಕೂ ಸರಿಹೋಗುತ್ತಿತ್ತು. ಅತ್ತೆ ಬಂದು ಇನ್ನೊಂದು ಸಲ ಒರೆಸಬಾರದು. ಒರೆಸಲು ಅವರಿಗೆ ಒಂದು ಚುಕ್ಕೆಯನ್ನೂ ಉಳಿಸಬಾರದು. ಗಾಜಿನಲ್ಲಿ ತನ್ನ ಮುಖ ಕಾಣುವವರೆಗೆ ತಿಕ್ಕಿದಳು. ಬಟ್ಟೆ ಹಿಂಡಿ ಹರವಿದಳು. ಇವತ್ತು ಮಲಗುವುದು ಆಗದ ಮಾತು, ಅತ್ತೆಯ ಬ್ಯಾಗು ಅರ್ಧವಾಗಿದೆ ಅಂದುಕೊಂಡು, ಕಟ್ಟೆಯ ಕಡೆ ಬೆನ್ನು ಮಾಡಿ ಬಾಗಿಲವರೆಗೆ ಹೋಗಿರಬೇಕು. ಬೀಪ್ ಅಂತ ಸದ್ದಾಯಿತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ಟಕ್.

ತಿರುಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ನೋಡದೆಯೇ ಗೊತ್ತಾಗಿತ್ತು. ಒಳಗಿನ ಫ್ಯಾನು ಗುರ್‍ ಅನ್ನತೊಡಗಿತು, ಹಳದಿ ದೀಪ ಹತ್ತಿ ಎದುರಿನ ಗೋಡೆಯ ಮೇಲೆ ಬೆಳಕು ಬಿತ್ತು. ಅತ್ತೆಯ ಕೋಣೆಯಿಂದ ಬೀರುವಿನ ಬಾಗಿಲು ಕಿರುಗುಟ್ಟುವುದು ಕೇಳಿಸುತ್ತಿತ್ತು, ಅವರು ಅಲ್ಲಿದ್ದಾರೆ. ಇವಳು ಇಲ್ಲಿದ್ದಾಳೆ. ನಡುವೆ ಯಾರೂ ಇಲ್ಲ. ಓಡಿ ಹೋಗಿ ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನೇ ಕಿತ್ತು, ಎದೆ ಹಿಡಿದುಕೊಂಡು ನಿಂತಳು. ಇಲ್ಲ, ಇದು ರಿಪೇರಿಯವನು ಏನೋ ಎಳೆದಾಡಿದ್ದರಿಂದ ಆದದ್ದು. ಹಾಳಾದವನು, ಸರಿ ಇದ್ದದ್ದನ್ನು ಕೆಡಿಸಿ ಹೋಗಿದ್ದಾನೆ! ಹಾಗಂತ ನಂಬಲು ಅವಳು ಮನಸಾರೆ ಪ್ರಯತ್ನಪಟ್ಟಳು. ಆದರೆ ತಲೆ, ಬೇಡ ಬೇಡ ಅಂದರೂ, ತನ್ನಷ್ಟಕ್ಕೆ ತಾನು ಕೂಡಿಸುತ್ತಾ ಹೋಯಿತು. ದಿನಾ ಊಟವಾದ ಮೇಲೆ ಒರೆಸುತ್ತಿದ್ದಳು. ಒರೆಸಿ ಹೋಗಿ ಮಲಗುತ್ತಿದ್ದಳು. ಅವಳು ಮಲಗಿದ ಮೇಲೆಯೇ ಹೊತ್ತಿಕೊಳ್ಳುತ್ತಿತ್ತು. ಒಣಗಿ ಬಿಸ್ಕತ್ತಾಗಿದೆ ಅಂದಿದ್ದನಲ್ಲ. ಒಣಗದೆ ಇನ್ನೇನು, ನಿನ್ನೆಯಿಂದ ಅದಕ್ಕೆ ನೀರೇ ಸೋಕಿರಲಿಲ್ಲ. ಅವಳು ಮತ್ತೆ ಪ್ಲಗ್ ಚುಚ್ಚಿ ಸ್ವಿಚ್ಚು ಹಾಕಿದಳು. ಬಾಟಲಿ ಎತ್ತಿಕೊಂಡಳು. ಹೊಡೆದಳು, ಒರೆಸಿದಳು, ಎರಡು ಹೆಜ್ಜೆ ಹಿಂದೆ ಸರಿದು, ಅತ್ತೆ ಜೇಬಿಗೆ ಹಾಕಿಕೊಳ್ಳುವ ಹಾಗೇ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾದಳು. ಆಗದಿರಲಿ, ಆಗದಿರಲಿ ಅನ್ನುತ್ತಿದ್ದ ಹಾಗೇ ಅಂಕಿಗಳು ಕೆಂಪಗೆ ಮಿನುಗಿದವು. ಬೀಪ್. ಟಕ್. ಯಾರೂ ಮುಟ್ಟದ ಓವನ್ ತಾನಾಗಿ ಉರಿಯಲು ಶುರುವಾಯಿತು.

ಆರಿಸಿ ಮುಗಿಸುವಷ್ಟರಲ್ಲಿ ಫೋನು ಬಂತು. ಗಂಡ. "ಅಣ್ಣ ಊರ ಹತ್ರ ಬಂದಿದಾನಂತೆ. ಏನಂದ ರಿಪೇರಿಯವನು?" ಈಗ ಹೇಳಿಬಿಡಬೇಕು ಅಂತ ಬಾಯಿ ತೆಗೆದಳು. ಹೇಳಿದರೆ ಅವನ ಎರಡನೆಯ ಪ್ರಶ್ನೆ ಏನು ಅಂತ ಅವಳಿಗೆ ಗೊತ್ತಿತ್ತು. ಹಾಗಾದ್ರೆ ನೀನು ಕಣ್ಣಾರೆ ನೋಡಿದ್ದೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಏನೂ ಇಲ್ವಂತೆ," ಅಂದಳು, "ಮಿಷನ್ನಲ್ಲಿ ಏನೂ ಇಲ್ಲ ಅಂದ." ಅವನು ಹಾಗಂದದ್ದು ನಿಜ, ಒಂದಕ್ಷರವನ್ನೂ ಅವಳು ಸೇರಿಸಿರಲಿಲ್ಲ. ಆ ಕಡೆ ಗಂಡ ಉಸಿರು ಬಿಟ್ಟದ್ದು ಕೇಳಿಸಿತು. "ಹೋಗ್ಲಿ ಬಿಡು. ನಾನು ಸುಮ್ನೆ ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪು ತಿಳ್ಕೋಬೇಡ" ಅಂದ. ಮದುವೆಯಾದ ಮೇಲೆ ಅವನು ಹೀಗೆ ತಪ್ಪೊಪ್ಪಿಕೊಂಡದ್ದೇ ಇರಲಿಲ್ಲ. ಬೇಕಾದಾಗ ಒಂದು ಒಳ್ಳೆಯ ಮಾತು ಆಡದ ಗಂಡಸು, ಬೇಡವಾದಾಗ ಎಷ್ಟು ಚೆನ್ನಾಗಿ ಆಡುತ್ತಾನೆ! ಫೋನು ಇಟ್ಟು ಅವಳು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ಇನ್ನು ಸ್ವಲ್ಪ ಹೊತ್ತು, ಅಷ್ಟೇ. ಕಾರು ಬರುತ್ತದೆ, ಹೋಗುತ್ತದೆ. ನಾಳೆಯಿಂದ ಒಣಬಟ್ಟೆಯಲ್ಲಿ ಒರೆಸಿದರಾಯಿತು, ಓವನ್ ಎಂದೂ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಅತ್ತೆ ಹೋದ ಮೇಲೆ ನಿಂತಿತು ನೋಡಿ ಅಂತ ಎಲ್ಲರೂ ಅನ್ನುತ್ತಾರೆ. ಅವಳು ಬಾಯಿ ತೆಗೆಯಬೇಕಾದ್ದೂ ಇಲ್ಲ.

ಅತ್ತೆ ಮಂಚದ ಮೇಲೆ ಕೂತು ಸ್ವೆಟರುಗಳನ್ನು ಮಡಚುತ್ತಿದ್ದರು. ಬೆರಳುಗಳು ಎಷ್ಟು ಚೊಕ್ಕವಾಗಿ ಕೆಲಸ ಮಾಡುತ್ತಿದ್ದವೆಂದರೆ, ತೋಳಿಗೆ ತೋಳು, ಅಂಚಿಗೆ ಅಂಚು, ಒಂದು ಸುಕ್ಕಿಲ್ಲ. ಈ ಕೈಗಳಿಗೆ ಮರೆವು ಅಂದರೆ ಯಾರು ನಂಬುತ್ತಾರೆ ಅಂತ ಅನ್ನಿಸಿ ಅವಳು ಬೇರೆ ಕಡೆ ನೋಡಿದಳು. "ಬಂದ್ಯಾ," ಅಂದರು ಅತ್ತೆ, "ಕೂತ್ಕೋ. ನಿನಗೊಂದು ಮಾತು ಹೇಳ್ಬೇಕು ಅಂತಿದ್ದೆ." ಬೀಪ್ ಸದ್ದು ಕೇಳಿಸಿತೇ? ಅತ್ತೆಗೆ ಕಿವಿ ಸೂಕ್ಷ್ಮ. "ನೀನು ನನ್ನ ಮೇಲೆ ಹೇಳ್ದೆ ಅಂತ ನನಗೇನೂ ಕೋಪ ಇಲ್ಲ ಕಣೇ. ಸತ್ಯವಾಗ್ಲೂ ಇಲ್ಲ. ನನಗೆ ಒಂಚೂರೂ ನೆನಪಿಲ್ಲ ನೋಡು, ನಾನು ಅದನ್ನ ಹಾಕಿದ್ದು. ನೆನೆಸ್ಕೊಂಡು ನೆನೆಸ್ಕೊಂಡು ಸಾಕಾಯ್ತು. ಆರಿಸೋಕೆ ಹೋದೆ ಅಂತಲೇ ನೆನಪು. ನೀನು ನೋಡದೆ ಇದ್ದಿದ್ರೆ ನಾನು ಅದನ್ನೇ ಸಾಧಿಸ್ಕೊಂಡು ಕೂತಿರ್ತಿದ್ದೆ. ಒಂದಿನ ನಿಮ್ಮನ್ನೆಲ್ಲ ಸುಟ್ಟೇಬಿಡ್ತಿದ್ದೆ. ನೀನು ನೋಡಿದ್ದು ಒಳ್ಳೇದಾಯ್ತು." ಅವರು ನಕ್ಕರು. ನಗುತ್ತಲೇ, "ತಲೆ ಹೋಗೋದು ಹೀಗೆ ಅಂತ ಗೊತ್ತಿರಲಿಲ್ಲ. ನೋವಾಗತ್ತೆ ಅಂದ್ಕೊಂಡಿದ್ದೆ" ಅಂದರು. ಬೈದು ಬಿಡಿ ಅತ್ತೆ, ಒಂದು ಸಲ ಬಾಯ್ತುಂಬ ಬೈದುಬಿಡಿ ಅಂತ ಒಳಗೊಳಗೇ ಗೋಗರೆದಳು. ಥೂ, ನಾನೂ ಒಬ್ಬ ಮನುಷ್ಯಳೇ? ಇವರ ತಲೆಯನ್ನು ಇವರ ಕೈಯಿಂದಲೇ ಕಿತ್ತುಕೊಂಡೆ, ಕೊಡಿ ಅಂತ ಕೇಳಿದ್ದಕ್ಕೆ ಇವರೂ ಕೊಟ್ಟುಬಿಟ್ಟರು.

"ಏಳಿ ಅತ್ತೆ" ಅಂದಳು. ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು. "ಅಡುಗೆಮನೆಗೆ ಬನ್ನಿ." ಅತ್ತೆ ಗಾಬರಿಯಾದರು. "ನಾನೇನೂ ಮುಟ್ಟಿಲ್ಲ ಕಣೇ, ಬೆಳಗ್ಗೆಯಿಂದ ಒಳಗೆ ಕಾಲೇ ಇಟ್ಟಿಲ್ಲ." ಅವಳು ಅವರ ರಟ್ಟೆ ಹಿಡಿದು ಎಬ್ಬಿಸಿ, ಕರೆದುಕೊಂಡು ಹೋಗಿ, ಓವನ್ನಿನ ಎದುರಿಗೆ ಎರಡು ಸ್ಟೂಲು ಹಾಕಿದಳು. ಹೊಸ್ತಿಲಿನ ಹತ್ತಿರ ಬಂದಾಗ ಅತ್ತೆಯ ಕೈಗಳು ಜೇಬಿನೊಳಗೆ ಹೋಗಿದ್ದವು. ಕೂತರು. ಹೇಳಲು ಶುರು ಮಾಡಿದರೆ ಎಲ್ಲಿ ನಿಲ್ಲಿಸಬೇಕೋ ಅವಳಿಗೆ ಗೊತ್ತಿರಲಿಲ್ಲ. ಗೋಡೆಯ ಸ್ವಿಚ್ಚು ಹಾಕಿ, ಬಾಟಲಿ ತೆಗೆದು ಗಾಜಿಗೆ ಹೊಡೆದಳು, ಒರೆಸಿದಳು, ಬಂದು ಪಕ್ಕದ ಸ್ಟೂಲಿನಲ್ಲಿ ಕೂತಳು. "ಏನೇ ಇದು ಆಟ?" ಅಂದರು ಅತ್ತೆ. "ಸುಮ್ನೆ ನೋಡ್ತಾ ಇರಿ." ಇಬ್ಬರೂ ನೋಡಿದರು. ಗಾಜಿನಲ್ಲಿ ಇಬ್ಬರ ಮುಖವೂ ಕಪ್ಪಗೆ ಕಾಣುತ್ತಿತ್ತು, ಒಂದರ ಪಕ್ಕ ಒಂದು. ಏನೂ ಆಗಲಿಲ್ಲ. ಹೊರಗೆ ಯಾರದೋ ಗಾಡಿ ಹೋಯಿತು. ನಲ್ಲಿಯಿಂದ ಒಂದು ಹನಿ ಬಿತ್ತು, ಅತ್ತೆ ಬೆಚ್ಚಿ ನಲ್ಲಿಯ ಕಡೆ ನೋಡಿ, "ನಾನು..." ಅಂದರು. "ಅಲ್ಲ, ನಾನೇ ಬಿಟ್ಟದ್ದು" ಅಂದಳು. ಎಂಥ ಹಟಮಾರಿ ಯಂತ್ರ. ಬೇಡ ಅಂದಾಗ ಉರಿದು, ಉರಿ ಅಂದಾಗ ಸುಮ್ಮನೆ ಕೂತಿದೆ. ಆಗದಿದ್ದರೇ ಒಳ್ಳೆಯದಲ್ಲವೇ ಅಂತ ಅವಳೊಳಗೆ ಒಬ್ಬಳು ಪಿಸುಗುಟ್ಟಿದಳು. ನಾನು ಪ್ರಯತ್ನ ಪಟ್ಟೆ, ಆಗಲಿಲ್ಲ, ನನ್ನ ತಪ್ಪಿಲ್ಲ. ಅವಳು ಎದ್ದು ಇನ್ನೊಂದು ಸಲ ಹೊಡೆದಳು, ಈ ಸಲ ಕೆಳಗಿನ ಅಂಚಿಗೆ, ಧಾರಾಳವಾಗಿ, ಆ ಪಿಸುಮಾತಿನವಳ ಮುಖಕ್ಕೇ ಹೊಡೆದಂತೆ. ಹೊರಗೆ ಕಾರಿನ ಬಾಗಿಲು ಧಡ್ ಅಂತ ಹಾಕಿದ ಸದ್ದು. ಮುಂಬಾಗಿಲು ತೆರೆದೇ ಇತ್ತು. "ಅಮ್ಮಾ?" ಅಂದಿತು ಭಾವನ ದನಿ. ನಡುಮನೆಯಲ್ಲಿ ಬೂಟಿನ ಸಪ್ಪಳ.

ಬೀಪ್.

ಅತ್ತೆಯ ಬೆನ್ನು ನೆಟ್ಟಗಾಯಿತು. ಕೆಂಪು ಅಂಕಿಗಳು ಮಿನುಗಿದವು, ಟಕ್ ಅಂದಿತು, ಒಳಗೆ ದೀಪ ಹತ್ತಿತು. ಅವರು ನಿಧಾನವಾಗಿ ಎರಡೂ ಕೈಗಳನ್ನು ಜೇಬಿನಿಂದ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ನೋಡಿದರು. "ನಾನು ಮುಟ್ಟಲಿಲ್ಲ." "ಇಲ್ಲ ಅತ್ತೆ, ನೀವು ಮುಟ್ಟಲಿಲ್ಲ." "ನೀನೂ ಮುಟ್ಟಲಿಲ್ಲ." "ನಾನೂ ಮುಟ್ಟಲಿಲ್ಲ. ನಾನು ದಿನಾ ನೀರು ಹೊಡೆದು ಒರೆಸ್ತಿದ್ನಲ್ಲ, ಅದು ಒಳಗೆ ಹೋಗಿ ಹೀಗಾಗ್ತಿತ್ತು." ಅತ್ತೆಯ ತುಟಿ ಅದುರಿತು. ಆಮೇಲೆ ಅವರು ನಕ್ಕರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಚಿಕ್ಕ ಹುಡುಗಿಯಂತೆ. "ಅಯ್ಯೋ! ಹಾಗಾದ್ರೆ ನನ್ನ ತಲೆ ನೆಟ್ಟಗಿದೆ ಕಣೇ! ನೆಟ್ಟಗಿದೆ!" ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವಳ ಕೈ ಹಿಡಿದುಕೊಂಡರು. ಅವಳಿಗೂ ಅಳು ಬಂತು. ಒಂದು ಕ್ಷಣ, ಬರೀ ಒಂದು ಕ್ಷಣ, ಎಲ್ಲ ಸರಿಹೋಯಿತು ಅಂತ ಅವಳು ನಂಬಿದಳು. ಅತ್ತೆಯ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅವರು ಓವನ್ನನ್ನೇ ನೋಡುತ್ತಿದ್ದರು. "ಹಾಗಾದ್ರೆ ಆವತ್ತು ನಾನು ಆರಿಸೋಕೇ ಬಂದಿದ್ದು" ಅಂದರು, ತಮಗೆ ತಾವೇ ಲೆಕ್ಕ ಒಪ್ಪಿಸುವಂತೆ. "ಹೌದು." "ನೀನು ನೋಡಿದ್ದೂ ಅದನ್ನೇ." ಅದು ಪ್ರಶ್ನೆಯಾಗಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಹಿಡಿದ ಕೈಯನ್ನು ಅತ್ತೆ ಕೊಡವಲಿಲ್ಲ. ಎತ್ತಿ ಅವಳ ಮಡಿಲಲ್ಲಿಟ್ಟು, ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಭಾವ ಬಾಗಿಲಲ್ಲಿ ನಿಂತಿದ್ದ, ಕಾರಿನ ಕೀ ಬೆರಳಿನಲ್ಲಿ ತಿರುಗಿಸುತ್ತಾ. "ಏನಿದು, ಅತ್ತೆ ಸೊಸೆ ಸಿನಿಮಾ ನೋಡ್ದಂಗೆ ಕೂತಿದೀರಲ್ಲ?" ಅವಳು ಎದ್ದು ನಿಂತಳು. ಮಾತು ಒಂದರ ಮೇಲೊಂದು ಬಿದ್ದವು. "ಭಾವ, ಓವನ್ನೇ ಕೆಟ್ಟಿರೋದು. ತಾನಾಗೇ ಹತ್ಕೊಳ್ಳತ್ತೆ, ನೋಡಿ ಬೇಕಾದ್ರೆ. ಅತ್ತೇದು ಏನೂ ತಪ್ಪಿಲ್ಲ, ಅವರ ತಲೆ ನಮ್ಮೆಲ್ಲರಿಗಿಂತ ಚೆನ್ನಾಗಿದೆ. ಅವರು ಎಲ್ಲೂ ಹೋಗಬೇಕಾಗಿಲ್ಲ." ಭಾವನ ಮುಖದಲ್ಲಿ ಆಶ್ಚರ್ಯ, ಆಮೇಲೆ ಸಮಾಧಾನ, ಅದನ್ನು ಮುಚ್ಚಿಕೊಳ್ಳಲು ಒಂದು ಕೆಮ್ಮು. "ಹೌದಾ? ಅಬ್ಬ! ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ನಾನು ಸುಮ್ನೆ ಬಂದಂಗಾಯ್ತು. ಅಮ್ಮ, ಬ್ಯಾಗ್ ಬಿಚ್ಚಿಡ್ಲಾ?"

ಅತ್ತೆ ಸ್ಟೂಲಿನಿಂದ ಎದ್ದರು. ಸ್ವೆಟರಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ, ಒಂದನ್ನೂ ತಪ್ಪದೆ ಹಾಕಿಕೊಂಡರು. "ಬೇಡ. ಕಾರಲ್ಲಿಡು. ಬರ್ತೀನಿ." ಭಾವ ತಬ್ಬಿಬ್ಬಾದ. "ಅಲ್ಲಮ್ಮ, ಈಗ ಹೋಗೋ ಅವಶ್ಯಕತೆ..." "ಬೆಳಗ್ಗೆ ನೀವೆಲ್ಲ ಸೇರಿ ಕಳಿಸ್ತಿದ್ರಿ, ನನಗೆ ಇಷ್ಟ ಇರಲಿಲ್ಲ. ಈಗ ನಾನೇ ಹೋಗ್ತಿದೀನಿ. ನಿನ್ನ ಮನೇಲಿ ಅಡುಗೆಮನೆ ಬಾಗಿಲು ತೆಗೆದಿಡು, ಅಷ್ಟೇ." ಯಾಕೆ ಅಂತ ಮಗನಿಗೆ ಹೇಳಲಿಲ್ಲ. ಹೇಳಿಬಿಡಲಿ ಅಂತ ಅವಳು ಕಾದಳು. ಹೇಳುವುದಿಲ್ಲ ಅಂತ, ಎಂದೆಂದಿಗೂ ಯಾರಿಗೂ ಹೇಳುವುದಿಲ್ಲ ಅಂತ ಗೊತ್ತಾದಾಗ ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅತ್ತೆ" ಅಂದಳು. ಅತ್ತೆ ದಾರಿಯಲ್ಲಿ ನಿಂತು, ಕಟ್ಟೆಯ ಮೇಲೆ ಬಿದ್ದಿದ್ದ ನೀಲಿ ನೀರಿನ ಹನಿಗಳನ್ನು ನೋಡಿದರು. ಒರೆಸುವ ಬಟ್ಟೆ ಅವರ ಕೈಗೆ ಎಟುಕುವ ಹಾಗೇ ಇತ್ತು. ಅದನ್ನು ಅವರು ಮುಟ್ಟಲಿಲ್ಲ. ಕೈ ಬೀಸಿಕೊಂಡು ಹೊಸ್ತಿಲು ದಾಟಿದರು. ಓವನ್ ಖಾಲಿ ಹೊಟ್ಟೆಯಲ್ಲಿ ಕಾಯುತ್ತಲೇ ಇತ್ತು, ಅಂಕಿ ಏರುತ್ತಲೇ ಇತ್ತು. ನಡುಮನೆಯಿಂದ ಅತ್ತೆಯ ದನಿ ಕೇಳಿಸಿತು, ಕೋಪವಿಲ್ಲದೆ, ದಿನಾ ಕೇಳಿಸುವಂಥದೇ ದನಿ.

"ಆರಿಸೋದು ಮರೀಬೇಡ."